ಮೊದಲು ಕಿವಿಗೆ ಕೂರಲಿ, ಆಮೇಲೆ ಹಾಡಲಿ

ಸಂಜೆ ಹೊತ್ತು ಮೆಜೆಸ್ಟಿಕ್‌ನಿಂದ ಹೊರಡುವ ಬಿಎಂಟಿಸಿ ಬಸ್ಸಿನಲ್ಲಿ ಹಾಡು ಕೇಳುತ್ತ ಕೂತವರ ಹೆಬ್ಬೆರಳನ್ನು ಗಮನಿಸಿ. ಬಸ್ಸು ನಿಂತಿರುವಾಗ ಫೋನಿನ ವಾಲ್ಯೂಮ್ ಅರ್ಧದಲ್ಲಿರುತ್ತದೆ. ಎಂಜಿನ್ ಶುರುವಾದ ಕೂಡಲೇ ಬೆರಳು ಎರಡು ಸಲ ಮೇಲಕ್ಕೆ ಒತ್ತುತ್ತದೆ. ಟ್ರಾಫಿಕ್ಕಿನ ನಡುವೆ ಹಾರ್ನ್‌ಗಳು ಸೇರಿಕೊಂಡಾಗ ಇನ್ನೆರಡು ಸಲ. ಮನೆಯ ಸ್ಟಾಪ್ ಬಂದು ಇಳಿದು ಒಳರಸ್ತೆಗೆ ತಿರುಗಿದ ಮೇಲೆ ಅದೇ ಹಾಡು ಕಿವಿಗೆ ಬಡಿಯತೊಡಗುತ್ತದೆ. ಇಷ್ಟು ಜೋರಾಗಿ ಕೇಳುತ್ತಿದ್ದೆನೇ ಎಂದು ತಡಬಡಿಸಿ ವಾಲ್ಯೂಮ್ ಇಳಿಸುತ್ತಾರೆ. ಅಲ್ಲಿಯವರೆಗೆ ಒಂದು ಗಂಟೆ ಕಳೆದಿರುತ್ತದೆ.

ಆ ಒಂದು ಗಂಟೆಯ ಲೆಕ್ಕ ಹಾಕೋಣ. ಬಸ್ಸಿನೊಳಗಿನ ಗದ್ದಲ 80 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಹಾಡಿನ ಸಾಹಿತ್ಯ, ದನಿ, ತಾಳ ಬಿಡಿಬಿಡಿಯಾಗಿ ಕೇಳಬೇಕಾದರೆ ಹಾಡು ಗದ್ದಲಕ್ಕಿಂತ ಹತ್ತು ಡೆಸಿಬೆಲ್‌ನಷ್ಟಾದರೂ ಮೇಲಿರಬೇಕು. ಅಲ್ಲಿಗೆ 90 ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನದಂಡದ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ದಾಟಬಾರದು. ಮಕ್ಕಳಿಗೆ ಆ ಮಿತಿ 75. ಡೆಸಿಬೆಲ್ ಮೂರು ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟು, ಹತ್ತು ಏರಿದರೆ ಹತ್ತು ಪಟ್ಟು. ಹಾಗಾಗಿ 90ರಲ್ಲಿ ಕೇಳುವವರಿಗೆ ವಾರದ ಪಾಲು ನಾಲ್ಕೇ ಗಂಟೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಬಸ್ಸಿನಲ್ಲಿ ಕಳೆಯುವವರ ಪಾಲು ಮಂಗಳವಾರ ರಾತ್ರಿಗೇ ಮುಗಿದುಹೋಗುತ್ತದೆ.

ಈಗ ಅದೇ ಬಸ್ಸು, ಅದೇ ಸೀಟು, ಆದರೆ ಹೊರಗಿನ ಸದ್ದನ್ನು 25 ಡೆಸಿಬೆಲ್‌ನಷ್ಟು ತಡೆಯುವ ಇಯರ್‌ಫೋನ್. ಕಿವಿಯೊಳಗೆ ತಲುಪುವ ಗದ್ದಲ 55ಕ್ಕೆ ಇಳಿಯಿತು. ಹಾಡನ್ನು 70ರಲ್ಲಿಟ್ಟರೂ ಅದು ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರುತ್ತದೆ, ಅಂದರೆ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳುತ್ತದೆ. 70 ಡೆಸಿಬೆಲ್‌ನಲ್ಲಿ ವಾರದ ಪಾಲು 400 ಗಂಟೆ. ವಾರದಲ್ಲಿ ಇರುವುದೇ 168 ಗಂಟೆ.

ಇದೇ ಕಾರಣಕ್ಕೆ, ದಿನನಿತ್ಯ ಹಾಡು ಕೇಳಲು ಇಯರ್‌ಫೋನ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಒಂದು ವಿಷಯ ನೋಡಬೇಕು: ಇದು ನನ್ನ ಕಿವಿಯನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆ? ಬ್ರ್ಯಾಂಡು, ಬೆಲೆ, ಡಬ್ಬಿಯ ಮೇಲೆ ಬರೆದಿರುವ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಲೆಕ್ಕ ಎಲ್ಲ ಆಮೇಲೆ. ಮುಂದೆ ನಾನು ಬರೆಯುತ್ತಿರುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಗದ್ದಲ ತಡೆಯಲು ಎರಡು ದಾರಿಗಳಿವೆ. ಒಂದು, ಕಿವಿಯ ನಾಳವನ್ನು ಮುಚ್ಚಿಬಿಡುವುದು. ಅಂಗಡಿಯವರು ನಾಯ್ಸ್ ಐಸೊಲೇಷನ್ ಎನ್ನುವುದು ಇದಕ್ಕೆ. ಇನ್ನೊಂದು ನಾಯ್ಸ್ ಕ್ಯಾನ್ಸಲೇಷನ್. ಪುಟ್ಟ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರ್‌ನಿಂದ ಹೊರಡಿಸುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಉಪಾಯ ಹಳೆಯದು. ಜರ್ಮನಿಯ ಪೌಲ್ ಲ್ಯೂಗ್‌ಗೆ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಅದನ್ನು ಕಿವಿಗೆ ತಂದವರಲ್ಲಿ ಮುಖ್ಯರು ಬಂಗಾಳಿ ತಂದೆಯ ಮಗ ಅಮರ್ ಬೋಸ್. 1978ರಲ್ಲಿ ಜೂರಿಚ್‌ನಿಂದ ಅಮೆರಿಕಕ್ಕೆ ಮರಳುವಾಗ, ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಮೊರೆತದ ನಡುವೆ ಸಂಗೀತ ಕೇಳಲಾಗದೆ, ಅಲ್ಲಿಯೇ ಕೂತು ಲೆಕ್ಕ ಹಾಕತೊಡಗಿದರು. ಸಾಮಾನ್ಯ ಗ್ರಾಹಕರ ಕೈಗೆ ಅವರ ಕಂಪನಿಯ ಕ್ವಯಟ್‌ಕಂಫರ್ಟ್ ಹೆಡ್‌ಫೋನ್ ಬರಲು 2000ನೇ ಇಸವಿ ಆಗಬೇಕಾಯಿತು. ಇವತ್ತು ಎರಡು ಸಾವಿರ ರೂಪಾಯಿಯ ಇಯರ್‌ಬಡ್ಸ್ ಡಬ್ಬಿಯ ಮೇಲೂ ನಾಯ್ಸ್ ಕ್ಯಾನ್ಸಲೇಷನ್ ಎಂಬ ಹೆಸರು ಕಾಣುತ್ತದೆ.

ಈ ತಂತ್ರಕ್ಕೆ ಒಂದು ಸಹಜ ಮಿತಿ ಇದೆ. ಎಂಜಿನ್ ಮೊರೆತ, ಎ.ಸಿ.ಯ ಗುಂಯ್‌ಗುಡುವಿಕೆಯಂಥ ಒಂದೇ ಸಮನಾದ ತಗ್ಗಿನ ಸದ್ದನ್ನು ಅದು ಚೆನ್ನಾಗಿ ನುಂಗುತ್ತದೆ. ಸುಮಾರು 1000 ಹರ್ಟ್ಝ್ ದಾಟಿದ ಮೇಲೆ ಅಲೆಗಳು ಚಿಕ್ಕವಾಗುತ್ತವೆ, ವಿರುದ್ಧ ಅಲೆ ಸರಿಯಾದ ಕ್ಷಣಕ್ಕೆ ಸಿದ್ಧವಾಗುವುದು ಕಷ್ಟವಾಗುತ್ತ ಹೋಗುತ್ತದೆ. ಕಂಡಕ್ಟರ್ ಊದುವ ಸೀಟಿ, ಪಕ್ಕದ ಸೀಟಿನವರ ಮಾತು, ಪಾತ್ರೆ ಬಿದ್ದ ಸದ್ದು ಇವನ್ನೆಲ್ಲ ತಡೆಯುವುದು ಕೊನೆಗೂ ಕಿವಿಯಲ್ಲಿ ಕೂತಿರುವ ಆ ಚೂರು ರಬ್ಬರ್. ಅದು ಸಡಿಲವಾಗಿದ್ದರೆ ಕ್ಯಾನ್ಸಲೇಷನ್ನೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ. ಪದೇ ಪದೇ ವಿಮಾನ ಹತ್ತುವವರು, ಕಾಲ್ ಸೆಂಟರಿನಲ್ಲಿ ಇಡೀ ದಿನ ಎ.ಸಿ. ಕೆಳಗೆ ಕೂರುವವರು ಕ್ಯಾನ್ಸಲೇಷನ್‌ಗೆ ಹಣ ಕೊಟ್ಟರೆ ತಪ್ಪಿಲ್ಲ. ಸಂಗೀತ ಕೇಳಲೆಂದೇ ಕೊಳ್ಳುವವರಿಗೆ ನನ್ನ ಸಲಹೆ ಬರೀ ಮುಚ್ಚುವ ಇಯರ್‌ಫೋನ್. ಚಾರ್ಜ್ ಬೇಡ, ಚಿಪ್ಪಿನ ಸಣ್ಣ ಸುಯ್ ಎನ್ನುವ ಸದ್ದಿಲ್ಲ, ಹಾಡಿಗೂ ಕಿವಿಗೂ ನಡುವೆ ಬೇರೆ ಯಾರ ಕೈವಾಡವೂ ಇಲ್ಲ.

ಕಿವಿಯ ನಾಳದ ರಚನೆಯನ್ನು ಸ್ವಲ್ಪ ತಿಳಿದಿದ್ದರೆ ಆಯ್ಕೆ ಸುಲಭವಾಗುತ್ತದೆ. ದೊಡ್ಡವರಲ್ಲಿ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಏಳು ಮಿಲಿಮೀಟರ್ ಅಗಲ. ನೇರವಾಗಿಲ್ಲ, ಒಂದೆರಡು ಕಡೆ ಬಳುಕಿದೆ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ. ಕೂದಲು ಬೆಳೆಯುವುದು, ಗುಗ್ಗೆ ಹುಟ್ಟುವುದು ಅಲ್ಲೇ. ಒಳಗಿನದು ಮೂಳೆಯ ಗೋಡೆ, ಅದರ ಮೇಲೆ ತೀರಾ ತೆಳುವಾದ ಚರ್ಮ. ಕಿವಿಯ ಹೊರಗೆ ಜೋತುಬೀಳುವ ಹಳೆಯ ಮಾದರಿಯ ಬಿಳಿ ಇಯರ್‌ಫೋನ್‌ಗಳು ಈ ನಾಳದ ಬಾಗಿಲಲ್ಲಿ ನಿಲ್ಲುತ್ತವೆ, ಒಳಗೆ ಬರುವುದೇ ಇಲ್ಲ. ಅವು ಗದ್ದಲವನ್ನು ತಡೆಯುವುದು ಹೆಚ್ಚುಕಮ್ಮಿ ಸೊನ್ನೆ.

ನಾಳದೊಳಗೆ ಕೂರುವ ಇಯರ್‌ಫೋನಿನ ಬೇರು ಇರುವುದು ಶ್ರವಣ ಪರೀಕ್ಷೆಯ ಕೋಣೆಯಲ್ಲಿ. ಅಮೆರಿಕದ ಮೀಡ್ ಕಿಲಿಯನ್ ಶ್ರವಣಯಂತ್ರಗಳ ಬಿಡಿಭಾಗ ಮಾಡುವ ನೋಲ್ಸ್ ಕಂಪನಿಯಲ್ಲಿ ಪಳಗಿದವರು. 1983ರಲ್ಲಿ ಅವರು ಕಟ್ಟಿದ ಎಟಿಮೋಟಿಕ್ ರಿಸರ್ಚ್, ಮೊದಲು ಶ್ರವಣತಜ್ಞರಿಗಾಗಿ ಫೋಮ್ ಟಿಪ್ (ನಾಳದೊಳಗೆ ಕೂರುವ ಮೆತ್ತನೆಯ ತುದಿ) ಇರುವ ಇಯರ್‌ಫೋನ್ ತಯಾರಿಸಿತು. ಪರೀಕ್ಷೆಗೆ ಬಂದವರ ಕಿವಿಗೆ ಹೊರಗಿನ ಸದ್ದು ಬೀಳಬಾರದು, ಹಾಗೆಯೇ ಕೊಡುವ ಸ್ವರ ಅಳತೆಗೆ ಸರಿಯಾಗಿರಬೇಕು. ಈ ಎರಡು ಗುಣಗಳೂ ಸಂಗೀತ ಕೇಳುವವರಿಗೆ ಬೇಕಾದವೇ. 1991ರಲ್ಲಿ ಅದೇ ಕಂಪನಿಯ ಇಆರ್-4 ಮಾರುಕಟ್ಟೆಗೆ ಬಂತು. ಮೂರು ಮಡಿಕೆಯ ಟಿಪ್ ನಾಳದೊಳಗೆ ಆಳವಾಗಿ ಇಳಿಯುತ್ತದೆ, 35ರಿಂದ 42 ಡೆಸಿಬೆಲ್ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಇದಕ್ಕಿಂತ ತುಂಬ ಹೆಚ್ಚು ತಡೆಯಲು ಯಾವ ಇಯರ್‌ಫೋನಿನಿಂದಲೂ ಆಗದು. ಆ ಹಂತದಲ್ಲಿ ಸದ್ದು ತಲೆಬುರುಡೆಯ ಮೂಳೆಯ ಮೂಲಕವೇ ಒಳಗಿವಿಗೆ ತಲುಪತೊಡಗುತ್ತದೆ.

ಇನ್ನೊಂದು ಕವಲು ರಾಕ್ ಸಂಗೀತದ ವೇದಿಕೆಯಿಂದ ಬಂತು. ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ವೇದಿಕೆಯ ಸದ್ದು ತಾಳಲಾಗುತ್ತಿರಲಿಲ್ಲ. ತಂಡದ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ ಅವರಿಗಾಗಿ ಕಿವಿಯ ಅಚ್ಚಿನ ಆಕಾರದ ಇಯರ್‌ಫೋನ್ ಮಾಡಿಕೊಟ್ಟರು. 1995ರಲ್ಲಿ ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಹಾಗೆ. ಗಾಯಕರು ವೇದಿಕೆಯ ಮೇಲೆ ತಮ್ಮ ದನಿ ತಮಗೆ ಕೇಳಲೆಂದು ಹಾಕಿಕೊಳ್ಳುವ, ತಂತಿಯನ್ನು ಕಿವಿಯ ಮೇಲಿಂದ ಬಳಸಿ ಹಿಂದಕ್ಕೆ ಬಿಡುವ ಇವನ್ನು ಇನ್-ಇಯರ್ ಮಾನಿಟರ್ ಎನ್ನುತ್ತಾರೆ. ಅಂಗಡಿಗಳಲ್ಲಿ ಐಇಎಂ ಎಂದು ಕೇಳಿದರೆ ಕೊಡುವುದು ಇವನ್ನೇ. ನಮ್ಮ ಕೆಲಸಕ್ಕೆ ಬೇಕಾದ್ದು ಈ ಜಾತಿ.

ಇನ್ನು ಬೇಸ್ ವಿಷಯ. ನಾಳವನ್ನು ಮುಚ್ಚಿದಾಗ ಇಯರ್‌ಫೋನಿನ ಪೊರೆಗೂ ಕಿವಿಯ ತಮಟೆಗೂ ನಡುವೆ ಉಳಿಯುವುದು ಒಂದೆರಡು ಸಿ.ಸಿ.ಯಷ್ಟು ಗಾಳಿ. ಪೊರೆ ಮುಂದೆ ಬಂದರೆ ಆ ಗಾಳಿ ಒತ್ತುತ್ತದೆ, ಹಿಂದೆ ಸರಿದರೆ ಸಡಿಲುತ್ತದೆ. ಮೃದಂಗದ ಎಡಗಡೆಯ ಗುಮುಕಿ, ತಬಲಾದ ಡಗ್ಗಾ, ಬೇಸ್ ಗಿಟಾರು, ಎಲ್ಲವೂ ಈ ಒತ್ತಡದಲ್ಲೇ ಇವೆ. ಟಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ವಾಷರ್ ಸವೆದ ಸೈಕಲ್ ಪಂಪನ್ನು ಎಷ್ಟು ಒತ್ತಿದರೂ ಟೈರಿಗೆ ಗಾಳಿ ಹೋಗದ ಹಾಗೆ, ಆಗ ಎಷ್ಟು ವಾಲ್ಯೂಮ್ ಕೊಟ್ಟರೂ ಬೇಸ್ ಹುಟ್ಟುವುದಿಲ್ಲ. ಎತ್ತರದ ಸ್ವರಗಳಿಗೆ ಈ ಸೋರಿಕೆ ಅಷ್ಟಾಗಿ ತಟ್ಟದ ಕಾರಣ ಅವು ಮಾತ್ರ ಚುಚ್ಚತೊಡಗುತ್ತವೆ. ಇದರಲ್ಲಿ ಬೇಸೇ ಇಲ್ಲ, ಬರೀ ಕೀರಲು ಎಂದು ಜನ ಬೈಯುವ ಇಯರ್‌ಫೋನ್‌ಗಳಲ್ಲಿ ಬಹುಪಾಲು ಕಿವಿಯಲ್ಲಿ ಸರಿಯಾಗಿ ಕೂರದೆ ಇರುವಂಥವು. ಎಕ್ಸ್‌ಟ್ರಾ ಬೇಸ್ ಎಂದು ಮಾರುವ ಮಾದರಿಗಳಿಗೆ ಇಷ್ಟು ಗಿರಾಕಿ ಇರುವುದೂ ಇದರಿಂದಲೇ ಎಂದು ನನ್ನ ಅಂದಾಜು: ಸೋರಿಕೆಯಲ್ಲಿ ಒಂದಷ್ಟು, ಬಸ್ಸಿನ ಮೊರೆತದಲ್ಲಿ ಒಂದಷ್ಟು ಕಳೆದುಹೋಗುವ ಬೇಸನ್ನು ಕಂಪನಿ ಮೊದಲೇ ದುಪ್ಪಟ್ಟು ತುಂಬಿ ಕೊಡುತ್ತದೆ. ಅಂಥದ್ದನ್ನು ಸರಿಯಾಗಿ ಮುಚ್ಚಿ, ಶಾಂತವಾದ ಕೋಣೆಯಲ್ಲಿ ಕೇಳಿದರೆ ಹಾಡುಗಾರರ ದನಿ ನಗಾರಿಯ ಹಿಂದೆ ನಿಂತು ಹಾಡಿದಂತಿರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ತಬಲಾ ಇರುವ ಯಾವುದಾದರೂ ಧ್ವನಿಮುದ್ರಣ ಹಚ್ಚಿ. ಡಗ್ಗಾದ ಮೇಲೆ ಅಂಗೈ ಜಾರಿಸಿ ತೆಗೆಯುವ ಗುಂಯ್ ಎಂಬ ಮೀಂಡನ್ನು ಕೇಳುತ್ತ, ಒಂದು ಕಡೆಯ ಇಯರ್‌ಫೋನನ್ನು ಬೆರಳ ತುದಿಯಿಂದ ಮೆಲ್ಲಗೆ ಒಳಗೆ ಒತ್ತಿ. ನಾದ ಥಟ್ಟನೆ ದಪ್ಪವಾದರೆ ಅಲ್ಲಿಯವರೆಗೆ ಅದು ಸೋರುತ್ತಿತ್ತು ಎಂದೇ ಅರ್ಥ. ಒತ್ತಿದಾಗಲೂ ಬಿಟ್ಟಾಗಲೂ ನಾದ ಒಂದೇ ರೀತಿ ಇದ್ದರೆ ಆ ಕಿವಿಗೆ ಆ ಟಿಪ್ ಸರಿ. ಎರಡು ಕಿವಿಗಳನ್ನೂ ಬೇರೆ ಬೇರೆಯಾಗಿ ನೋಡಿ. ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್ ಬೇಕಾಗುವುದು ತುಂಬ ಸಾಮಾನ್ಯ. ನಮ್ಮ ಎರಡು ಕಿವಿಗಳು ಒಂದೇ ಅಳತೆಯವಲ್ಲ.

ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕೋನ್ ಟಿಪ್ ಬರುತ್ತವೆ. ಮೊದಲೇ ಹಾಕಿರುವ ಮೀಡಿಯಂ ಅಳತೆಯನ್ನೇ ಹಾಗೇ ಬಳಸುವವರು, ಉಳಿದ ಎರಡನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಡುವವರು ಹೆಚ್ಚು. ದಯವಿಟ್ಟು ಆ ಚೀಲ ಬಿಚ್ಚಿ. ಹಾಕಿಕೊಳ್ಳುವುದಕ್ಕೂ ಕ್ರಮ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳದ ಬಳುಕು ನೇರವಾಗುತ್ತದೆ. ಬಾಯಿ ಸ್ವಲ್ಪ ತೆರೆದು, ಇಯರ್‌ಫೋನನ್ನು ಸಣ್ಣಗೆ ತಿರುಗಿಸುತ್ತ ಒಳಗೆ ಬಿಟ್ಟು, ಕಿವಿಯನ್ನು ಕೈಬಿಡಿ. ಸರಿಯಾಗಿ ಕೂತಿದ್ದರೆ ಫ್ಯಾನಿನ ಸದ್ದು ದೂರ ಸರಿಯುತ್ತದೆ, ಮಾತಾಡಿದರೆ ನಿಮ್ಮ ದನಿ ನಿಮಗೇ ತಲೆಯೊಳಗಿಂದ ಮೊಳಗಿ ಕೇಳುತ್ತದೆ.

ಸಿಲಿಕೋನ್‌ನಲ್ಲಿ ಎಷ್ಟು ಹೆಣಗಿದರೂ ಕೂರದ ಕಿವಿಗಳಿವೆ. ಅಂಥವರಿಗೆ ಫೋಮ್ ಟಿಪ್ ವರದಾನ. ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಕೊಡುವ ಹಳದಿ ಇಯರ್‌ಪ್ಲಗ್ ನೋಡಿದ್ದರೆ ಅದರ ಗುಣ ಗೊತ್ತಿರುತ್ತದೆ. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ ಕಿವಿಗೆ ಸೇರಿಸಿ, ಅರ್ಧ ನಿಮಿಷ ಅಲುಗಿಸದೆ ಹಿಡಿದುಕೊಳ್ಳಬೇಕು. ಅದು ನಿಧಾನವಾಗಿ ಉಬ್ಬಿ ನಾಳದ ಆಕಾರಕ್ಕೇ ಹೊಂದಿಕೊಳ್ಳುತ್ತದೆ. ಬಸ್ಸಿನ ಮೊರೆತದಂಥ ತಗ್ಗಿನ ಸದ್ದನ್ನು ತಡೆಯುವುದರಲ್ಲಿ ಸಾಮಾನ್ಯ ಸಿಲಿಕೋನ್ ಇದರ ಹತ್ತಿರಕ್ಕೂ ಬರುವುದಿಲ್ಲ. ಶೂರ್ ಕಂಪನಿಯ ಎಸ್ಇ215 ಹೆಸರಾಗಿದ್ದು ಇಂಥ ಟಿಪ್ಪಿನಿಂದಲೇ. 37 ಡೆಸಿಬೆಲ್‌ವರೆಗೂ ತಡೆಯುತ್ತದೆ ಎಂದು ಕಂಪನಿಯ ಮಾತು. ಫೋಮ್‌ನ ಕೊರತೆಯೂ ಇದೆ. ಬೆವರು, ಗುಗ್ಗೆ ಹೀರಿಕೊಂಡು ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತದೆ, ತೊಳೆಯಲು ಬರುವುದಿಲ್ಲ, ಹೊಸದು ಕೊಳ್ಳುತ್ತಿರಬೇಕು. ತಾಳದ ಝಲ್ಲೆನ್ನುವ ಎತ್ತರದ ಸ್ವರಗಳನ್ನೂ ತುಸು ಮಂಕು ಮಾಡುತ್ತದೆ. ಟಿಪ್ ಕೊಳ್ಳುವಾಗ ನಿಮ್ಮ ಇಯರ್‌ಫೋನಿನ ಮೂತಿಯ ಅಗಲ ಎಷ್ಟು ಮಿಲಿಮೀಟರ್ ಎಂದು ನೋಡಿಕೊಳ್ಳಿ. ಎಲ್ಲ ಟಿಪ್ಪೂ ಎಲ್ಲದಕ್ಕೂ ಆಗುವುದಿಲ್ಲ, ಸಡಿಲ ಟಿಪ್ ಕಿವಿಯೊಳಗೇ ಉಳಿದುಬಿಟ್ಟರೆ ಡಾಕ್ಟರ ಹತ್ತಿರ ಓಡಬೇಕಾಗುತ್ತದೆ.

ಕೆಲವರಿಗೆ ಕಿವಿ ಮುಚ್ಚಿದ ಭಾವನೆಯೇ ಹಿಡಿಸುವುದಿಲ್ಲ. ನಡೆದರೆ ಹೆಜ್ಜೆಯ ಧಡ್ ಧಡ್, ಚಕ್ಕುಲಿ ಕಡಿದರೆ ತಲೆ ತುಂಬ ಕರಕರ. ನಮ್ಮ ದೇಹದ ಕಂಪನ ನಾಳದ ಮೃದ್ವಸ್ಥಿಯ ಗೋಡೆಯನ್ನು ಅಲುಗಿಸುತ್ತದೆ, ಸಾಮಾನ್ಯವಾಗಿ ಅದು ಹೊರಗೆ ಹೋಗಿಬಿಡುತ್ತದೆ, ಬಾಗಿಲು ಮುಚ್ಚಿದಾಗ ಒಳಗೇ ಉಳಿದು ತಮಟೆಯನ್ನು ಬಡಿಯುತ್ತದೆ. ಟಿಪ್ ಇನ್ನೂ ಆಳಕ್ಕೆ, ಮೂಳೆಯ ಭಾಗದವರೆಗೆ ಇಳಿದರೆ ಈ ಬಾಧೆ ಕಡಿಮೆ. ಆದರೆ ಆ ತೆಳು ಚರ್ಮಕ್ಕೆ ರಬ್ಬರ್ ತಾಗುವುದನ್ನು ಎಲ್ಲರೂ ಸಹಿಸಲಾರರು. ಕೂತು ಕೇಳುವವರಿಗೆ ಇದೊಂದು ಸಮಸ್ಯೆಯೇ ಅಲ್ಲ. ನಡೆಯುತ್ತ, ಓಡುತ್ತ ಕೇಳುವವರು ಈ ಜಾತಿಯ ಇಯರ್‌ಫೋನ್ ಕೊಳ್ಳದಿರುವುದೇ ಒಳ್ಳೆಯದು. ತಂತಿ ಅಂಗಿಗೆ ಉಜ್ಜಿದಾಗ ಕಿವಿಯಲ್ಲಿ ಆಗುವ ಪರಪರ ಸದ್ದಿಗೆ ಮಾತ್ರ ಸುಲಭದ ಪರಿಹಾರ ಇದೆ: ತಂತಿಯನ್ನು ಕಿವಿಯ ಮೇಲಿಂದ ಸುತ್ತಿ ಬಿಟ್ಟರೆ ಬಹುಪಾಲು ನಿಲ್ಲುತ್ತದೆ.

ಕಿವಿಗೆ ಕೂರುವಂಥದ್ದು ಸಿಕ್ಕಿತು. ಇನ್ನು ಅದು ಹೇಗೆ ಹಾಡುತ್ತದೆ ನೋಡಬೇಕು. ಅಂತರ್ಜಾಲದ ವಿಮರ್ಶೆಗಳಲ್ಲಿ ಪಾಶ್ಚಾತ್ಯ ಪಾಪ್ ಹಾಡುಗಳನ್ನಿಟ್ಟು ಅಳೆದಿರುತ್ತಾರೆ. ನಾವು ಕೇಳುವ ಸಂಗೀತವೇ ಬೇರೆಯಾದ್ದರಿಂದ ನಾವೇ ಕೇಳಿ ನೋಡುವುದು ಮೇಲು. ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ತಂಬೂರಿ. ತಂತಿಗಳನ್ನು ಹೊರುವ ಅದರ ಕುದುರೆಯ ಬೆನ್ನು ಚೂಪಾಗಿರದೆ ಅಗಲವಾಗಿ, ನಯವಾಗಿ ಬಾಗಿರುತ್ತದೆ. ಅದರ ಮೇಲೆ ತಂತಿಯ ಕೆಳಗೆ ಜೀವಾಳದ ದಾರ ಸಿಕ್ಕಿಸಿ ಸರಿಪಡಿಸುತ್ತಾರೆ. ದಾರ ಒಂದಿಷ್ಟು ಸರಿದರೂ ನಾದ ಮೊಂಡಾಗುತ್ತದೆ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, ಬೆಂಗಳೂರಿಗೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲು, 1921ರಲ್ಲಿ ತಂಬೂರಿ ಮತ್ತು ವೀಣೆಯ ಈ ಕುದುರೆಯ ಬಗ್ಗೆಯೇ ಪ್ರಬಂಧ ಬರೆದಿದ್ದರು. ಬೇರೆ ವಾದ್ಯಗಳಲ್ಲಿ ತಂತಿಯನ್ನು ಎಲ್ಲಿ ಮೀಟುತ್ತೇವೋ ಅದಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಹುಟ್ಟುವುದೇ ಇಲ್ಲ. ತಂಬೂರಿಯಲ್ಲಿ, ಆ ಬಾಗಿದ ಕುದುರೆಯ ದೆಸೆಯಿಂದ, ಹುಟ್ಟಬಾರದ ಉಪಸ್ವರಗಳೂ ತುಂಬಿಕೊಂಡು ಮೊಳಗುತ್ತವೆ ಎಂದು ತೋರಿಸಿದರು. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ 65-70 ಹರ್ಟ್ಝ್ ಸುತ್ತಮುತ್ತ ಇರುತ್ತದೆ, ಅದರ ಮೇಲೆ ಸಾವಿರಾರು ಹರ್ಟ್ಝ್‌ವರೆಗೆ ಉಪಸ್ವರಗಳ ಸಾಲು. ಒಂದೇ ವಾದ್ಯದಲ್ಲಿ ಇಯರ್‌ಫೋನಿನ ತಗ್ಗು, ನಡು, ಎತ್ತರ ಮೂರನ್ನೂ ಅಳೆದಂತಾಯಿತು. ಒಳ್ಳೆಯ ಇಯರ್‌ಫೋನಿನಲ್ಲಿ ತಂತಿ ಮೀಟಿದ ಮೇಲೆ ನಾದ ಅರಳುತ್ತ, ಬಣ್ಣ ಬದಲಿಸುತ್ತ ಹೋಗುವುದು ಕಿವಿಗೆ ಕಾಣುತ್ತದೆ. ಕಳಪೆಯದರಲ್ಲಿ ಹಿನ್ನೆಲೆಯಲ್ಲಿ ಏನೋ ಝೇಂಕಾರ ಇದೆ ಎಂಬುದಷ್ಟೇ ತಿಳಿಯುತ್ತದೆ.

ಆಮೇಲೆ ಕರ್ನಾಟಕ ಸಂಗೀತದ, ಬರೀ ತಾಳವಾದ್ಯಗಳು ನುಡಿಯುವ ಒಂದು ತನಿ ಆವರ್ತನ. ಮೃದಂಗದ ಎಡ ಮುಖಕ್ಕೆ ಕಛೇರಿಯ ಮುನ್ನ ನಾದಿದ ರವೆ ಮೆತ್ತುತ್ತಾರೆ, ಅದರಿಂದ ಬರುವ ನಾದಕ್ಕೆ ಒದ್ದೆಯಾದ ಗಾಂಭೀರ್ಯ ಇರುತ್ತದೆ. ಬಲ ಮುಖದ ಕರಣೆಯ ಏಟಿಗೆ ಸ್ವರ ಇರುತ್ತದೆ, ಶ್ರುತಿಗೆ ಸೇರುತ್ತದೆ. ಎರಡೂ ಬೇರೆ ಬೇರೆ ಕೇಳಬೇಕು. ಎಡದ ಗುಮುಕಿ ಬಲದ ಅಕ್ಷರಗಳನ್ನು ಮುಚ್ಚಿಹಾಕಿದರೆ ಅದರಲ್ಲಿ ಬೇಸ್ ಅತಿಯಾಗಿದೆ. ಘಟ ಜೊತೆಗಿದ್ದರೆ ಅದರ ಮಣ್ಣಿನ ಟಣ್ ಕೂಡ ಪ್ರತ್ಯೇಕವಾಗಿ ನಿಲ್ಲಬೇಕು.

ಮೂರನೆಯದಾಗಿ ಭಾವಗೀತೆ. ಕನ್ನಡದ ಸ, ಶ, ಷ ಇಯರ್‌ಫೋನಿನ ಗುಣವನ್ನು ಬಯಲು ಮಾಡಿಬಿಡುತ್ತವೆ. 6000ದಿಂದ 8000 ಹರ್ಟ್ಝ್ ಸುತ್ತ ಅತಿಯಾಗಿದ್ದರೆ ಪ್ರತಿ ಸಕಾರವೂ ಸೂಜಿಯ ಹಾಗೆ ಚುಚ್ಚುತ್ತದೆ. ಸಿ. ಅಶ್ವತ್ಥ್ ತಾರಕಕ್ಕೆ ಏರಿದಾಗ ದನಿಯ ಕಸುವು ಮೈಗೆ ತಾಗಬೇಕು, ಕಿವಿ ನೋಯಬಾರದು. 3000 ಹರ್ಟ್ಝ್ ಆಸುಪಾಸಿಗೂ ಗಮನ ಕೊಡಿ. ತೆರೆದ ಕಿವಿಯ ನಾಳ ತಾನಾಗಿಯೇ ಆ ಸ್ವರಗಳನ್ನು ಎತ್ತಿ ಕೊಡುತ್ತದೆ. ನಾವು ಹುಟ್ಟಿದಾಗಿನಿಂದ ಮನುಷ್ಯರ ದನಿಯನ್ನು ಕೇಳಿರುವುದೇ ಹಾಗೆ. ನಾಳ ಮುಚ್ಚಿದ ಮೇಲೆ ಆ ಎತ್ತುವಿಕೆಯನ್ನು ಇಯರ್‌ಫೋನೇ ತುಂಬಿಕೊಡಬೇಕು. ಕೊಡದಿದ್ದರೆ ಗಾಯಕರು ಕಂಬಳಿ ಹೊದ್ದು ಹಾಡಿದಂತೆ. ಕೊನೆಗೆ ಒಂದು ಸಿನಿಮಾ ಹಾಡು, ನೀವು ಸಾವಿರ ಸಲ ಕೇಳಿರುವಂಥದ್ದು. ಇಳಯರಾಜ ಸಂಗೀತದ 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಬೇಸ್ ಗಿಟಾರಿನ ನಡೆಯನ್ನು ಹಿಂಬಾಲಿಸಲು ಆಗುತ್ತದೆಯೇ ನೋಡಿ. ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಇಷ್ಟು ಕಾಲ ಕೇಳಿದವರಿಗೆ ಅಲ್ಲೊಂದು ಬೇರೆಯೇ ರಾಗಸಂಚಾರ ನಡೆದಿದೆ ಎಂದು ತಿಳಿಯುವುದು ಆಗಲೇ. ಎರಡು ಇಯರ್‌ಫೋನ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಮೋಸಹೋಗುತ್ತದೆ.

ಬೆಲೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವು ಸ್ವರಗಳನ್ನು ನುಡಿಸುವ ರೀತಿಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಅದಾದ ಮೇಲಂತೂ ಚೀನಾದ ಮೂನ್‌ಡ್ರಾಪ್, ಸೆವೆನ್‌ಹರ್ಟ್ಝ್, ಕೆಝಡ್‌ನಂಥ ಕಂಪನಿಗಳು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಕೊಡುತ್ತಿರುವ ತಂತಿಯ ಐಇಎಂಗಳು ದಿನನಿತ್ಯದ ಸಂಗೀತಕ್ಕೆ ಧಾರಾಳವಾಗಿ ಸಾಕು. ಡ್ರೈವರ್ ಒಂದೋ ಐದೋ ಎಂಬ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಂತಿ ಬಿಚ್ಚಿ ಬದಲಿಸಲು ಬರುವಂಥದ್ದನ್ನೇ ಆರಿಸಿ, ಏಕೆಂದರೆ ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಪಿನ್ನಿನ ಹತ್ತಿರ ತಂತಿ ಮುರಿದು. ಫೋನಿನಲ್ಲಿ 3.5 ಎಂಎಂ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿ ಡಾಂಗಲ್ ಬೇಕಾಗುತ್ತದೆ. ತಂತಿಯಿಲ್ಲದ ಇಯರ್‌ಬಡ್ಸ್ ಅನುಕೂಲವೇ, ಆದರೆ ಅದರೊಳಗಿನ ಪುಟಾಣಿ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಮೂರು ಸಾವಿರ ರೂಪಾಯಿ ಇಟ್ಟುಕೊಂಡು ಹೊರಟವರು ಎರಡು ಸಾವಿರವನ್ನು ಇಯರ್‌ಫೋನಿಗೂ ಉಳಿದದ್ದನ್ನು ಬೇರೆ ಬೇರೆ ಅಳತೆಯ, ಬಗೆಯ ಟಿಪ್‌ಗಳಿಗೂ ಹಾಕಿದರೆ, ಮೂರೂ ಸಾವಿರ ಇಯರ್‌ಫೋನಿಗೇ ಸುರಿದವರಿಗಿಂತ ಚೆನ್ನಾಗಿ ಸಂಗೀತ ಕೇಳುತ್ತಾರೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಕಿವಿಯನ್ನು ಇಷ್ಟು ಚೆನ್ನಾಗಿ ಮುಚ್ಚುವ ವಸ್ತು ರಸ್ತೆಯಲ್ಲಿ ಅಪಾಯ. ಬೈಕಿನ ಮೇಲೆ, ಸೈಕಲ್ ಮೇಲೆ, ರೈಲು ಹಳಿಯ ಬಳಿ, ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆದು ಜೇಬಿಗೆ ಹಾಕಿ. ಬಸ್ಸು ಹತ್ತಿ ಸೀಟು ಸಿಕ್ಕ ಮೇಲೆ ಹಾಕಿಕೊಳ್ಳಬಹುದು. ತೆಗೆಯುವಾಗ ತಂತಿ ಹಿಡಿದು ಎಳೆಯಬಾರದು. ಒಳಗೆ ಹಿಡಿದಿರುವ ಗಾಳಿ ತಮಟೆಯನ್ನು ಸೆಳೆಯುತ್ತದೆ, ನೋವಾಗುತ್ತದೆ. ಬುಡ ಹಿಡಿದು, ತಿರುಗಿಸಿ, ನಿಧಾನವಾಗಿ ಹೊರತನ್ನಿ. ಸಿಲಿಕೋನ್ ಟಿಪ್‌ಗಳನ್ನು ವಾರಕ್ಕೊಮ್ಮೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಇದನ್ನು ತಪ್ಪಿಸಲೇಬಾರದು, ತೇವ ನಿಂತ ನಾಳದಲ್ಲಿ ಶಿಲೀಂಧ್ರದ ಸೋಂಕು ಬೇಗ ಹತ್ತುತ್ತದೆ. ಇನ್ನೊಬ್ಬರ ಇಯರ್‌ಫೋನ್ ಹಾಕಿಕೊಳ್ಳಬೇಡಿ, ನಿಮ್ಮದನ್ನು ಕೊಡಬೇಡಿ. ಕಿವಿ ಸೋರುವವರು, ತಮಟೆ ತೂತಾಗಿರುವವರು ವೈದ್ಯರನ್ನು ಕೇಳದೆ ನಾಳದೊಳಗೆ ಏನನ್ನೂ ಇಳಿಸಕೂಡದು. ಇಯರ್‌ಫೋನಿನ ಒಂದು ಕಡೆ ಸದ್ದು ಕಡಿಮೆಯಾಯಿತು ಎಂದು ಅಂಗಡಿಗೆ ಹೋಗುವ ಮುಂಚೆ ಅದರ ಮೂತಿಯ ಜಾಲರಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ. ಎಡಬಲ ಅದಲುಬದಲು ಮಾಡಿ ಹಾಕಿಕೊಂಡು ನೋಡಿ.

ಹಾಗೆ ಬದಲಿಸಿದಾಗಲೂ ಅದೇ ಕಿವಿಯಲ್ಲೇ ಕಡಿಮೆ ಕೇಳಿದರೆ ದೋಷ ಇಯರ್‌ಫೋನಿನದಲ್ಲ. ಗುಗ್ಗೆಯ ಅಡ್ಡಿಯಾದರೆ ಇಎನ್‌ಟಿ ವೈದ್ಯರು ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಅದೂ ಅಲ್ಲ, ಹಾಡು ನಿಲ್ಲಿಸಿದ ಮೇಲೂ ಗುಂಯ್ ಎನ್ನುವ ಸದ್ದು ಉಳಿಯುತ್ತಿದೆ, ಮನೆಯವರ ಮಾತಿಗೆ ಎರಡೆರಡು ಸಲ ಹಾಂ ಎನ್ನಬೇಕಾಗಿದೆ ಎಂದರೆ ಶ್ರವಣ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಬಹುದು; 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸಣ್ಣ ಸಣ್ಣ ಸ್ವರಗಳನ್ನು ಒಂದೊಂದು ಕಿವಿಗೆ ಬೇರೆಬೇರೆಯಾಗಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಒಳಗಿವಿಯ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ, ವರ್ಷಗಟ್ಟಲೆ ಇಯರ್‌ಫೋನ್ ಬಳಸುವವರು ತೊಂದರೆ ಕಾಣುವ ಮೊದಲೇ ಒಮ್ಮೆ ಈ ಪರೀಕ್ಷೆ ಮಾಡಿಸಿ ಫಲಿತಾಂಶದ ಗೆರೆಗಳಿರುವ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡರೆ, ಮುಂದಿನ ಸಲ ಎಷ್ಟು ವ್ಯತ್ಯಾಸವಾಗಿದೆ ಎಂದು ಹೋಲಿಸಿ ನೋಡಲು ವೈದ್ಯರಿಗೂ ಅನುಕೂಲವಾಗುತ್ತದೆ.